ಹಿಡಿ ಮಂಡಕ್ಕಿಯ ಉಮೇದುವಾರ

ನಮ್ಮ ದೊಡ್ಡಪ್ಪನಷ್ಟು ಚಂದಾಗಿ ಎಲೆಕ್ಷನ್ ಸೋಲುವವರು ಇಡೀ ದಾವಣಗೆರೆಯಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಪಂದ್ಯ ಕಟ್ಟುತ್ತೇನೆ! ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಕಂಡವನು ನಾನು. ಸಂಜೆ ಹೋಟೆಲಿನಲ್ಲಿ ಲೋಟ ತೊಳೆದು ರಾಜ್ಯಶಾಸ್ತ್ರ ಓದಿದವನು. ಚುನಾವಣಾ ಸುಧಾರಣೆ ಅಂತ ಪುಟಗಟ್ಟಲೆ ಬರೆದು ಪಾಸಾಗಿದ್ದೇನೆ. ಅದನ್ನು ಮಾಡಿ ತೋರಿಸಿದ ಮನುಷ್ಯನನ್ನು ಮಾತ್ರ ನಮ್ಮ ಮನೆಯಲ್ಲೇ ಕಂಡೆ.

ಹರಿಹರದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರು ನಮ್ಮ ವಿನೋಬನಗರದ ವಾರ್ಡಿಗೆ ಎರಡು ಸಲ ನಿಂತು ಎರಡು ಸಲವೂ ಬಿದ್ದಿದ್ದರು. ಮೂರನೇ ಸಲಕ್ಕೆ ದೊಡ್ಡಮ್ಮ ಸೆರಗು ಸಿಕ್ಕಿಸಿ ನಿಂತಳು.

"ಇದೇ ಕೊನೆ. ಸೋತ್ರೆ ಈ ಮನ್ಯಾಗೆ ಎಲೆಕ್ಷನ್ ಅನ್ನೋ ಮಾತು ಎತ್ತಂಗಿಲ್ಲ!"

"ಆತು ಬಿಡೇ" ಅಂದರು ದೊಡ್ಡಪ್ಪ.

ಉಳಿದ ಉಮೇದುವಾರರು ವಾರಗಟ್ಟಲೆ ಆಟೋಗೆ ಮೈಕು ಕಟ್ಟಿ ಕೂಗಿಸಿದರು, ಸೀರೆ ಹಂಚಿದರು, ಕುಕ್ಕರ್ ಹಂಚಿದರು. ಓಣಿಯಲ್ಲಿ ಬೇಯಿಸೋ ಅಕ್ಕಿಗಿಂತ ಕುಕ್ಕರೇ ಜಾಸ್ತಿಯಾದವು! ದೊಡ್ಡಪ್ಪನದು ಒಂದೇ ದಿನದ ಪ್ರಚಾರ. ಕಾಲ್ನಡಿಗೆ, ಬರಿಗೈ, ಹಿಂದೆ ಕಾರ್ಯಕರ್ತ ಅಂತ ನಾನೊಬ್ಬ. ಓಟು ಕೇಳಿದ ಪ್ರತಿ ಮನೆಯಲ್ಲೂ ಅವರು ಒಂದು ಹಿಡಿ ಮಂಡಕ್ಕಿ ಬೇಡಿ ತಿನ್ನೋರು. ಮಂಡಕ್ಕಿ ಡಬ್ಬಿ ಇಲ್ಲದ ಮನೆ ನಮ್ಮೂರಲ್ಲಿ ಉಂಟೆ?

"ಜನ ನಮ್ಮ ಉಪ್ಪು ತಿನ್ನಬಾರದಲೇ, ನಾವು ಅವರ ಉಪ್ಪು ತಿನ್ನಬೇಕು. ಆಗ ಋಣ ಯಾರ ಮ್ಯಾಲೆ ಬೀಳ್ತೈತೆ, ಹೇಳು?" ಅನ್ನೋದು ನನಗೆ ದೊಡ್ಡಪ್ಪನ ಪಾಠ.

ಮೊದಲ ಮನೆ ನಮ್ಮದೇ. ದೊಡ್ಡಮ್ಮ ಡಬ್ಬಿ ಮುಟ್ಟಲಿಲ್ಲ.

"ಮದುವಿ ಆದಾಗಿಂದ ನನ್ನ ಉಪ್ಪು ತಿಂದೀರಿ, ಏನು ಉದ್ಧಾರ ಆತು? ಮುಂದೆ ಹೋಗ್ರಿ!"

ಬೋಣಿಯೇ ಹಿಂಗಾದರೆ ಹೆಂಗೆ? ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಶಹನಾಜಕ್ಕ ಹೊಸ್ತಿಲಲ್ಲೇ ಕೇಳಿದಳು, "ಏನ್ ತಂದೀರಿ ಕಾಕಾ?"

"ಹೊಟ್ಟೆ ತಂದೀನವ್ವ!"

ಆಕೆ ನಕ್ಕೂ ನಕ್ಕೂ ಹಿಡಿ ಮಂಡಕ್ಕಿಯ ಮೇಲೆ ಹಸಿಮೆಣಸಿನಕಾಯಿ ಇಟ್ಟು ಕೊಟ್ಟಳು. ದೊಡ್ಡಪ್ಪ ಅದನ್ನೂ ಕಚ್ಚಿದರು. ಮತದಾರರ ಕಣ್ಣೀರು ಒರೆಸೋಕೆ ಹೊರಟ ಉಮೇದುವಾರನ ಕಣ್ಣೀರಿಗೆ ಮತದಾರಳೇ ನೀರು ತಂದುಕೊಡಬೇಕಾಯ್ತು! ಸಂಜೆ ಹೊತ್ತಿಗೆ ಇಡೀ ವಾರ್ಡಿನ ಋಣ ಅವರ ಹೊಟ್ಟೆಯಲ್ಲಿ ಉಬ್ಬಿಕೊಂಡಿತ್ತು.

ಸೋತರು. ಗೆದ್ದವರ ಪಟಾಕಿ ನಮ್ಮ ಬಾಗಿಲಲ್ಲೇ ಸಿಡಿಯಿತು. ದೊಡ್ಡಪ್ಪ ಪ್ರಚಾರದ ಬಿಳಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಇನ್ನು ಅದನ್ನು ತೆಗೆಯುವುದಿಲ್ಲ ಅನ್ನೋ ಹಾಗೆ ಕೂತರು. ದೊಡ್ಡಮ್ಮ ಬೈಯದೆ ತಟ್ಟೆ ಹಾಕಿ ಅನ್ನ ಬಡಿಸಿದಳು. ಬೈದಿದ್ದರೇ ಚೆನ್ನಾಗಿತ್ತು!

ಮರುದಿನ ಬೆಳಿಗ್ಗೆ ಶಹನಾಜಕ್ಕ ಬಾಗಿಲಲ್ಲಿ. "ಕಾಕಾ, ಚರಂಡಿ ಕಟ್ಟೈತೆ, ನೀರು ಒಳಗೇ ಬರ್ತೈತೆ, ಬರ್ರಿ."

"ಗೆದ್ದೋರಿಗೆ ಹೇಳವ್ವ. ನಾನು ಸೋತೋನು."

"ಗೆದ್ದೋರು ನಮ್ಮನೇದು ಏನೂ ತಿಂದಿಲ್ಲಲ್ರಿ!"

ದೊಡ್ಡಪ್ಪ ಸೋತಿದ್ದರೂ ಅವರ ಸುಧಾರಣೆ ಗೆದ್ದೇಬಿಟ್ಟಿತ್ತು! ದೊಡ್ಡಪ್ಪ ಮಾತ್ರ ದೊಡ್ಡಮ್ಮನ ಮುಖ ನೋಡಿದರು, ಕೊಟ್ಟ ಮಾತಿತ್ತಲ್ಲ. ಆಕೆ ಸರ್ರನೆ ಒಳಗೆ ಹೋದಳು. ಪೊರಕೆ ಬಂತು ಅಂದುಕೊಂಡೆ. ಬಂದದ್ದು ಬಿಳಿ ಅಂಗಿ, ಜೊತೆಗೆ ಒಂದು ಹಿಡಿ ಮಂಡಕ್ಕಿ.

"ತಿಂದು ಹೋಗ್ರಿ. ಮುಂದಿನ ಸಲ ಮೊದಲು ನಮ್ಮನೀಗೆ ಬರ್ರಿ, ಬರಿಗೈಲಿ ಕಳಸಲ್ಲ."

ಆ ಮಂಡಕ್ಕಿಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಆದರೂ ದೊಡ್ಡಪ್ಪ ಕಣ್ಣೊರೆಸಿಕೊಂಡರು.