ನಮ್ಮತ್ತೆಯ ಮೂಗು ಮತ್ತು ಮೇಲಿನ ಮನೆಯ ತೋಫು

ನಮ್ಮತ್ತೆಗೆ ನಾಲಗೆ ಇರುವುದು ಮಾತಾಡುವುದಕ್ಕೆ ಮಾತ್ರ. ಅಡುಗೆಯ ರುಚಿ ನೋಡುವ ಕೆಲಸವೆಲ್ಲ ಮೂಗಿನದು! ದೇವರಿಗೆ ನೈವೇದ್ಯವಾಗುವ ಮೊದಲು ಅವರು ಒಂದು ಹನಿ ಸಾರನ್ನೂ ಬಾಯಿಗಿಟ್ಟವರಲ್ಲ. ಕುದಿಯುವ ಪಾತ್ರೆಯ ಮೇಲೆ ಬಗ್ಗಿ ಒಮ್ಮೆ ಉಸಿರೆಳೆದುಕೊಂಡು, "ಉಪ್ಪು ಒಂದ್ ಚಿಟಿಕೆ ಕಮ್ಮಿ ಕಣೇ" ಎನ್ನುತ್ತಾರೆ. ನಾನು ಕದ್ದು ರುಚಿ ನೋಡಿದ್ದೇನೆ. ಸರಿಯಾಗಿ ಒಂದೇ ಚಿಟಿಕೆ ಕಮ್ಮಿ ಇರುತ್ತದೆ!

ಮನೆಯೊಳಗೆ ಈ ಮೂಗಿನಿಂದ ಯಾವ ತೊಂದರೆಯೂ ಇಲ್ಲ. ಹೊರಗೆ ಕರೆದುಕೊಂಡು ಹೋದರೆ ಮಾತ್ರ ನನ್ನ ಮಾನ ಉಳಿಯುವುದಿಲ್ಲ. ನಾವಿರುವುದು ತಮಿಳರ ಊರಿನಲ್ಲಿ. ಒಮ್ಮೆ ಯಾರದೋ ಮದುವೆಯಲ್ಲಿ ನೇರವಾಗಿ ಅಡುಗೆಮನೆಗೆ ನುಗ್ಗಿ, ಸಾಂಬಾರಿನ ಕೊಳದಪ್ಪಲೆಯ ಮೇಲೆ ಬಗ್ಗಿ, "ಉಪ್ಪು ಪತ್ತಲೆಪ್ಪಾ!" ಎಂದು, ಉಪ್ಪು ಸಾಲದೆಂದು, ಅಡುಗೆಯವರಿಗೆ ತಮಿಳಿನಲ್ಲಿ ತೀರ್ಪು ಕೊಟ್ಟುಬಿಟ್ಟರು. ಅಡುಗೆಯವರು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. ನಾನು ಬೇರೆ ಯಾರದೋ ಮನೆಯ ಸೊಸೆ ಎಂಬಂತೆ ಗೋಡೆಯ ಕಡೆ ತಿರುಗಿ ನಿಂತೆ.

ಇಸವಿ ಎರಡು ಸಾವಿರದ ಆಚೀಚೆ. ಊರಾಚೆ ಕೊರಿಯಾದವರ ಕಾರು ಕಾರ್ಖಾನೆ ಬಂದಿತ್ತಲ್ಲ, ಅಲ್ಲಿಗೆ ಬಂದ ಒಬ್ಬ ಎಂಜಿನಿಯರು, ಎಲ್ಲ ಬಿಟ್ಟು ವೆಸ್ಟ್ ಮಾಂಬಲಂನ ನಮ್ಮ ಗಲ್ಲಿಗೆ, ಅದರಲ್ಲೂ ನಮ್ಮ ತಲೆಯ ಮೇಲಿನ ಫ್ಲ್ಯಾಟಿಗೇ ಹೆಂಡತಿಯೊಂದಿಗೆ ಬಂದ. ಅವನು ಬೆಳಗಾಗುವ ಮೊದಲೇ ಕೆಲಸಕ್ಕೆ ಹೋಗುತ್ತಿದ್ದ. ಹುಡುಗಿ ದಿನವಿಡೀ ಒಬ್ಬಳೇ. ಒಂದು ದಿನ ಅವಳು ಮೆಟ್ಟಿಲ ಮೇಲೆ ಎದುರಾಗಿ ಹೋದದ್ದೇ ತಡ, ಅತ್ತೆ ನನ್ನ ಕೈ ಹಿಡಿದುಕೊಂಡರು.

"ಬಸುರಿ ಕಣೇ. ಊಟ ಸೇರ್ತಿಲ್ಲ ಪಾಪ."

"ಅದೂ ವಾಸನೇಲೇ ಗೊತ್ತಾಯ್ತಾ ಅತ್ತೆ?"

"ದಿನಾ ಬಚ್ಚಲಲ್ಲಿ ಓಕರಿಸೋದು ಕೇಳ್ತಿದೆ. ನಿನಗೆ ಕಿವೀನೂ ಇಲ್ವಾ?"

ಬಸುರಿಯ ಬಯಕೆ ತೀರದೆ ಉಳಿದರೆ ನಮ್ಮತ್ತೆಗೆ ನಿದ್ದೆ ಹತ್ತುವುದಿಲ್ಲ. ಅದು ಕೊರಿಯಾದ ಬಸುರಿಯಾದರೇನು? ನನ್ನನ್ನು ಎಳೆದುಕೊಂಡು ಹೋಗಿ ಬಾಗಿಲು ತಟ್ಟಿದರು. ಜೋರಾಗಿ ಹೇಳಿದರೆ ಯಾವ ದೇಶದವರಿಗಾದರೂ ತಮಿಳು ಅರ್ಥವಾಗುತ್ತದೆಂದು ಅವರ ನಂಬಿಕೆ. "ಎನ್ನಮ್ಮಾ ಸಾಪ್ಪಿಡಣುಂ?" ಏನು ತಿನ್ನಬೇಕಮ್ಮಾ ಎಂದು ಕೂಗಿ, ಐದು ಬೆರಳನ್ನೂ ಬಾಯಿಗೆ ಒಯ್ದು ತೋರಿಸಿದರು. ಹುಡುಗಿ ಗಾಬರಿಯಿಂದ ಒಳಗೆ ಓಡಿ, ಬಾಳೆಹಣ್ಣು ತಂದು ಅತ್ತೆಯ ಕೈಗಿಟ್ಟಳು. ಮನೆಬಾಗಿಲಿಗೆ ಬಂದ ಹಸಿದ ಮುದುಕಿ ಎಂದುಕೊಂಡಿರಬೇಕು! ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಎನಿಸಿತು.

ಕೊನೆಗೆ ನನ್ನ ಇಂಗ್ಲಿಷು, ಅವಳ ಅರೆಬರೆ ಇಂಗ್ಲಿಷು ಸೇರಿ ವಿಷಯ ತಿಳಿಯಾಯಿತು. ಅವಳು ಯಾವುದೋ ಪತ್ರಿಕೆಯಲ್ಲಿ ಒಂದು ಚಿತ್ರ ತೋರಿಸಿದಳು. ಕೆಂಪು ಗೊಜ್ಜಿನಲ್ಲಿ ಬಿಳಿಯ ಬಿಲ್ಲೆಗಳು. ತೋಫು. "ಮೈ ಮದರ್ ಕುಕ್" ಎಂದು ಕಣ್ಣು ತುಂಬಿಕೊಂಡಳು. ಅಷ್ಟು ಸಾಕಾಯಿತು ಅತ್ತೆಗೆ.

ಮನೆಯಲ್ಲಿ ಬೇಕೆಂದೇ ಹಾಲು ಒಡೆಸಬಾರದೆಂಬ ಕಾರಣಕ್ಕೆ ನಮ್ಮಲ್ಲಿ ಪನೀರಿಗೇ ಪ್ರವೇಶವಿಲ್ಲ. ತೋಫುವಿಗೂ ಹಾಲು ಒಡೆಸಬೇಕು, ಆದರೆ ಅದು ಸೋಯಾ ಕಾಳಿನ ಹಾಲು ಎಂದೆ. ಅತ್ತೆ ಒಂದು ಗಳಿಗೆ ಯೋಚಿಸಿ, "ಹಸು ಕೊಟ್ಟಿದ್ದಲ್ವಲ್ಲ, ಒಡೆಸೋಣ" ಎಂದರು. ಕಾಳು ನೆನೆಸಿ, ಗ್ರೈಂಡರಿನಲ್ಲಿ ರುಬ್ಬಿ, ಮಾವನ ಮಡಿಪಂಚೆಯಲ್ಲಿ ಸೋಸಿ, ಕಾಯಿಸಿ, ನಿಂಬೆಹಣ್ಣು ಹಿಂಡಿ, ಅದೇ ಪಂಚೆಯಲ್ಲಿ ಗಂಟು ಕಟ್ಟಿ ಮೇಲೆ ಗುಂಡುಕಲ್ಲು ಹೇರಿದರು. ರೈಲ್ವೆಯಿಂದ ನಿವೃತ್ತರಾದ ನಮ್ಮ ಮಾವ ಸ್ನಾನ ಮುಗಿಸಿ ಒದ್ದೆ ಟವೆಲಿನಲ್ಲೇ ನಿಂತು ಕೇಳಿದರು:

"ನನ್ನ ಪಂಚೆ ಎಲ್ಲೇ?"

"ಕೊರಿಯಾಕ್ಕೆ ಹೋಗಿದೆ. ಬರತ್ತೆ, ಇರಿ."

ಗೊಜ್ಜಿಗೆ ಬೆಳ್ಳುಳ್ಳಿ ಬೇಕೇ ಬೇಕು ಎಂದು ಹುಡುಗಿ ಹೇಳಿದ್ದಳು. ಹುಟ್ಟಿದಂದಿನಿಂದ ಬೆಳ್ಳುಳ್ಳಿ ಮುಟ್ಟದ ಅತ್ತೆ ಅದಕ್ಕೂ ದಾರಿ ಕಂಡುಕೊಂಡರು. "ಇಂಗು ಹಾಕಿದ್ರಾಯ್ತು. ಎರಡೂ ನಾರೋದೇ ತಾನೆ?" ಧಾರಾಳವಾಗಿ ಇಂಗು, ಮೇಲೆ ಸಾಸಿವೆ ಕರಿಬೇವಿನ ಒಗ್ಗರಣೆ. ಯಾವ ಕೊರಿಯಾದವರೂ ಕಂಡಿರದ ಆ ತೋಫುವನ್ನು ದೇವರ ಮುಂದಿಟ್ಟು, ಆರತಿ ಎತ್ತಿ, ಮೇಲಕ್ಕೆ ಒಯ್ದೆವು. ಹುಡುಗಿ ಆಸೆಯಿಂದ ಮುಚ್ಚಳ ತೆಗೆದಳು. ಇಂಗಿನ ಘಾಟು ಮೂಗಿಗೆ ಬಡಿದದ್ದೇ, ಬಾಯಿಗೆ ಕೈಯಡ್ಡ ಹಿಡಿದು ಬಚ್ಚಲಿಗೆ ಓಡಿದಳು! ಎದುರು ಫ್ಲ್ಯಾಟಿನ ಮಾಮಿ ಬಾಗಿಲಲ್ಲೇ ನಿಂತು ಇದೆಲ್ಲವನ್ನೂ ನೋಡಿದರು. ಪಾತ್ರೆ ಹಿಡಿದು ನಿಂತಿದ್ದ ನಾನು ನಾಚಿಕೆಯಿಂದ ಕುಗ್ಗಿಹೋದೆ. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ, ಅತ್ತೆಯ ಜೊತೆ ಎಲ್ಲಿಗೂ ಹೋಗುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದೆ. ಅತ್ತೆ ಪಾತ್ರೆಯ ಮುಚ್ಚಳ ಮುಚ್ಚಿದರು. ಅವರ ಮೂಗು ಮೊದಲ ಸಲ ಸೋತಿತ್ತು.

ಆ ವಾರವೇ ಒಂದು ಸಂಜೆ ಆಫೀಸಿನಿಂದ ಬಂದರೆ ಬಾಗಿಲಲ್ಲೇ ಬೆಳ್ಳುಳ್ಳಿಯ ವಾಸನೆ. ಮಹಡಿ ತಪ್ಪಿದೆನೇನೋ ಎಂದು ಬಾಗಿಲ ಮೇಲಿನ ಹೆಸರು ಓದಿಕೊಂಡೆ. ನಮ್ಮದೇ ಮನೆ! ಹಿಂದಿನ ಬಾಲ್ಕನಿಯಲ್ಲಿ ಸೀಮೆಎಣ್ಣೆ ಸ್ಟವ್, ಅದರ ಮೇಲೆ ಹೊಸ ಬಾಣಲೆಯಲ್ಲಿ ತೋಫುವಿನ ಗೊಜ್ಜು. ಪಕ್ಕದಲ್ಲಿ ಮಣೆಯ ಮೇಲೆ ಆ ಹುಡುಗಿ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು. ಬೇಯುವ ವಾಸನೆಯೇ ಅವಳಿಗೆ ಆಗುತ್ತಿರಲಿಲ್ಲ, ಇನ್ನು ರುಚಿ ನೋಡುವುದೆಲ್ಲಿ ಬಂತು? ಅತ್ತೆಯ ಕೈಯಲ್ಲಿ ಒಂದು ಗಾಜಿನ ಸೀಸೆ. ಅವಳ ಅಮ್ಮ ಕಟ್ಟಿಕೊಟ್ಟ ಮೆಣಸಿನಕಾಯಿ ಹಿಂಡಿಯಂತೆ, ತಳದಲ್ಲಿ ಒಂದಿಷ್ಟು ಅಂಟಿಕೊಂಡಿತ್ತು.

ಅತ್ತೆ ಬಾಣಲೆಯ ಮೇಲೆ ಬಗ್ಗಿ ಮೂಸಿದರು. ಸೀಸೆಯನ್ನು ಮೂಸಿದರು. ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಸೀಸೆಯ ತಳವನ್ನು ಬೆರಳಿನಿಂದ ಬಳಿದು ನಾಲಗೆಗಿಟ್ಟು ಕಣ್ಣು ಮುಚ್ಚಿದರು. ಬಾಣಲೆಯ ಗೊಜ್ಜನ್ನೂ ಸೌಟಿನಿಂದ ಅಂಗೈಗೆ ಹಾಕಿಕೊಂಡು ನೆಕ್ಕಿದರು.

"ಅತ್ತೆ, ಬೆಳ್ಳುಳ್ಳಿ!" ಎಂದು ಕಿರುಚಿದೆ.

"ಕೂಗಬೇಡ್ವೇ. ಅವರಮ್ಮನ ಕೈರುಚಿ ನನ್ನ ಮೂಗಿಗೆ ಹೇಗೆ ಗೊತ್ತಾಗತ್ತೆ?"

ಚೂರು ಬೆಲ್ಲ ಹಾಕಿದರು, ನೆಕ್ಕಿದರು. ಉಪ್ಪು ಹಾಕಿದರು, ಮತ್ತೆ ನೆಕ್ಕಿದರು. ಕೆಳಗಿಳಿಸಿ, ಆರಿಸಿ, ಅನ್ನದ ಜೊತೆ ಬಡಿಸಿದರು. ಹುಡುಗಿ ಮೊದಲ ತುತ್ತನ್ನು ಹೆದರಿ ಹೆದರಿ ಬಾಯಿಗಿಟ್ಟಳು. ಆಮೇಲೆ ತಲೆಯೆತ್ತಲೇ ಇಲ್ಲ. ಕಣ್ಣೀರು ಸುರಿಯುತ್ತಿತ್ತು, ತಿನ್ನುತ್ತಲೇ ಇದ್ದಳು. ಬರಿದಾದ ತಟ್ಟೆಯನ್ನು ಅತ್ತೆಯ ಮುಂದೆ ಮತ್ತೆ ಚಾಚಿದಳು.

ಅವಳು ಹೋದ ಮೇಲೆ ಅತ್ತೆ ತಲೆಗೆ ಸ್ನಾನ ಮಾಡಿ ಬಂದರು. ದೇವರ ಮನೆಯ ಹೊಸಿಲಿನಲ್ಲಿ ತಡೆದು ನಿಂತು, ಸಣ್ಣ ಮಗುವಿನ ಹಾಗೆ ನನ್ನ ಮುಖದ ಹತ್ತಿರ ಬಾಯಿ ತಂದು "ಹಾ" ಎಂದು ಉಸಿರು ಬಿಟ್ಟರು.

"ವಾಸನೆ ಬರತ್ತೇನೇ? ನನಗೆ ನನ್ನದೇ ಗೊತ್ತಾಗ್ತಿಲ್ಲ."

ಘಮ್ಮೆಂದು ಬೆಳ್ಳುಳ್ಳಿ ಮೂಗಿಗೆ ಬಡಿಯಿತು. ಇವರ ಜೊತೆ ಎಲ್ಲಿಗೂ ಹೋಗುವುದಿಲ್ಲ ಎಂದಿದ್ದ ನನಗೆ ಈಗ ನನ್ನ ಬಗ್ಗೆಯೇ ನಾಚಿಕೆಯಾಯಿತು.

"ಏನೂ ಇಲ್ಲ ಅತ್ತೆ, ದೀಪ ಹಚ್ಚಿ" ಎಂದೆ.

ನಡುಮನೆಯಿಂದ ಮಾವ ಕೂಗಿದರು: "ಎಲ್ಲಿಂದಲೋ ಬೆಳ್ಳುಳ್ಳಿ ವಾಸನೆ ಬರ್ತಿದೆಯಲ್ಲೇ!"

"ನಮ್ಮನೇಲೇ ಮಾವ," ಎಂದೆ. "ನಾನೇ ತಿಂದೆ."