ಗೋಡೆಯೊಳಗಿನವಳು

ಕಳ್ಳ ಬರಲಿ, ಬೆಂಕಿ ಬರಲಿ, ಬ್ಯಾಂಕಿನ ಮ್ಯಾನೇಜರೇ ಮನಸ್ಸು ಬದಲಾಯಿಸಿಕೊಂಡು ಬರಲಿ, ಇನ್ನು ಈ ಮನೆಯ ಪತ್ರ ಯಾರ ಕೈಗೂ ಸಿಗಕೂಡದು! ಹೀಗೆಂದು ಗಾರೆ ಮೇಸ್ತ್ರಿ ಶಪಥ ಮಾಡಿದ್ದು ಸೋಮವಾರ ಬೆಳಿಗ್ಗೆ. ಹದಿನೆಂಟು ವರ್ಷ ಬ್ಯಾಂಕಿನ ತಿಜೋರಿಯಲ್ಲಿ ಸೆರೆವಾಸ ಅನುಭವಿಸಿದ ಮೂಲಪತ್ರ, ಸಾಲ ತೀರಿದ ಮೇಲೆ ಮೊನ್ನೆಯಷ್ಟೇ ಮನೆಗೆ ಬಂದಿತ್ತು.

ಬೀರುವಿನಲ್ಲಿ ಇಡಬಹುದಿತ್ತು. ಆದರೆ ಬೀರುವಿಗೆ ಬೀಗ ಇರುತ್ತದೆ, ಬೀಗ ಕಂಡರೆ ಕಳ್ಳನಿಗೆ ಆಸೆ ಹುಟ್ಟುತ್ತದೆ. ಮೇಸ್ತ್ರಿ ಹಾಗೆಲ್ಲ ನಾಲ್ಕು ಜನರಂತೆ ಯೋಚಿಸುವ ಆಸಾಮಿಯೇ ಅಲ್ಲ. ಮೂವತ್ತು ವರ್ಷದಿಂದ ಕಂಡವರ ಗೋಡೆಗಳಿಗೆಲ್ಲ ಗಾರೆ ಬಳಿದವನು. "ನಾನು ಮುಚ್ಚಿದ ಬಿರುಕು ಇರುವೆಗೂ ಸಿಗಲ್ಲ!" ಎಂದು ಎದೆ ತಟ್ಟಿ ಹೇಳುವವನು. ಹೆಂಡತಿ ತಾನು ಹೊಲಿದ ಸಮವಸ್ತ್ರಗಳ ಗಂಟು ಹೊತ್ತು ಆಸ್ಪತ್ರೆಗೆ ಕೊಡಲು ಹೋದದ್ದೇ ತಡ, ಸುತ್ತಿಗೆ ಉಳಿ ಹಿಡಿದು ನಡುಮನೆಯ ಗೋಡೆಯಲ್ಲಿ ಒಂದು ಗೂಡು ಕೊರೆದ. ಪತ್ರವನ್ನು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿಟ್ಟ.

"ಏನೋ ಮಗಾ ಕೆರೀತಾ ಇದೀಯ?" ಎಂದಳು ಮೂಲೆಯ ಕುರ್ಚಿಯಲ್ಲಿದ್ದ ಅಮ್ಮ. ಅವಳಿಗೆ ಕಣ್ಣು ಮಂಜಾಗಿ ಆರು ವರ್ಷವಾಗಿತ್ತು.

"ಕಳೀಬಾರದ ವಸ್ತು ಇಡ್ತಿದೀನಿ ಕಣಮ್ಮ. ಯಾರ ಹತ್ರನೂ ಉಸಿರೆತ್ತಬೇಡ."

ಹಿತ್ತಲಿಗೆ ಹೋಗಿ ಗಾರೆ ಕಲಸಿ ತಂದು, ಡಬ್ಬಿಯನ್ನು ಗೂಡಿಗೆ ತಳ್ಳಿ, ಮೆತ್ತಿ, ಕರಣೆಯಲ್ಲಿ ತೀಡಿದ. ಹೊಸ ಗಾರೆಯ ಗುರುತು ಕಾಣಬಾರದಲ್ಲ! ಅದಕ್ಕೆ ಸಾಮಾನೆಲ್ಲ ನಡುವಿಗೆ ಎಳೆದು, ನಾಲ್ಕೂ ಗೋಡೆಗೆ ಬಣ್ಣವನ್ನೂ ಬಳಿದುಬಿಟ್ಟ. ಬೀರುವಿನ ಅಂಚಿನಿಂದ ಮೂರು ಗೇಣು, ನೆಲದಿಂದ ಎರಡು ಮೊಳ ಎಂಬ ಅಳತೆ ತಲೆಯಲ್ಲಿ ಭದ್ರವಾಗಿತ್ತು.

ಸಂಜೆ ಬಂದ ಹೆಂಡತಿ ಬಣ್ಣ ನೋಡಿ ಹಿಗ್ಗಿದಳು. ಹಿಗ್ಗಿನಲ್ಲೇ, ಗಂಡ ಸ್ನಾನ ಮುಗಿಸಿ ಬರುವಷ್ಟರಲ್ಲಿ, ಪಕ್ಕದ ಮನೆಯವರನ್ನು ಕರೆದು ಬೀರು, ಮೇಜು, ಹೊಲಿಗೆ ಯಂತ್ರ ಎಲ್ಲದರ ಜಾಗ ಬದಲಾಯಿಸಿದ್ದಳು.

"ಬೀರು ಮೊದಲು ಎಲ್ಲಿತ್ತು?" ಮೇಸ್ತ್ರಿ ಒದ್ದೆ ತಲೆಯಲ್ಲೇ ಓಡಿ ಬಂದ.

"ಎಲ್ಲಿತ್ತು ಅಂದ್ರೆ? ನಾನು ಬಂದಾಗ ಕೋಣೆ ಮಧ್ಯ ನಿಂತಿತ್ತು. ಅದಿರಲಿ ರೀ, ನೋಂದಣಿ ಕಚೇರೀಲಿ ಗುರುವಾರ ಹನ್ನೊಂದು ಗಂಟೆಗೆ ಬನ್ನಿ ಅಂದಿದ್ದಾರೆ. ಮೂಲಪತ್ರ ಎಲ್ಲಿ?"

"ಮೂಲೇಲಿ ಭದ್ರವಾಗಿದೆ."

"ಯಾವ ಮೂಲೇಲಿ?"

"ಮೂಲ ಅಂದ್ಮೇಲೆ ಮೂಲೇಲೇ ಇರಬೇಕು! ನೀನ್ಯಾಕೆ ತಲೆ ಕೆಡಿಸ್ಕೋತೀಯ?"

ಅವಳು ನಗಲಿಲ್ಲ. "ತಮಾಷೆ ಬೇಡ. ಅರ್ಧ ಕಂತು ಈ ಯಂತ್ರ ತುಳಿದು ನಾನು ಕಟ್ಟಿದ್ದು. ಸಾಲ ತೀರಿದ ದಿನ ಪತ್ರದಲ್ಲಿ ನಿನ್ನ ಹೆಸರೂ ಸೇರಿಸ್ತೀನಿ ಅಂತ ಮಾತು ಕೊಟ್ಟಿದ್ರಿ. ನನಗೆ ಬೇರೆ ಏನೂ ಬೇಡ, ಅದೊಂದು ಬೇಕು."

ಮೇಸ್ತ್ರಿ ಗೋಡೆ ನೋಡಿದ. ಗೋಡೆ ಬೆಳ್ಳಗೆ, ಬೋಳಾಗಿ ಅವನನ್ನೇ ನೋಡಿತು. ಎಲ್ಲಿ ಕೊರೆದದ್ದೆಂದು ಅವನಿಗೂ ತಿಳಿಯಲಿಲ್ಲ.

ಮರುದಿನ ಮಧ್ಯಾಹ್ನ ಮೂರಕ್ಕೆ ಬೀದಿಯೆಲ್ಲ ನಿಶ್ಶಬ್ದವಾಗಿತ್ತು. ಅಮ್ಮ ತೂಕಡಿಸುತ್ತಿದ್ದಳು. ಮೇಸ್ತ್ರಿ ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ಟಕ್, ಟಕ್ ಎಂದು ಬಡಿಯುತ್ತಿದ್ದ. ಟೊಳ್ಳು ಸದ್ದು ಬರಬೇಕು, ಬರಲಿಲ್ಲ. ಬಂದದ್ದು ಬೇರೆ.

"ಊ… ಊ… ರು…"

ಹೆಂಗಸಿನ ದನಿ! ಬಾವಿಯ ತಳದಲ್ಲಿ ಕುಳಿತು ಯಾರೋ ನರಳಿದಂತಿತ್ತು. ಮೇಸ್ತ್ರಿ ಹಿಂದಕ್ಕೆ ಹಾರಿ ಹೊಲಿಗೆ ಯಂತ್ರದ ಮೇಲೆ ಬಿದ್ದ.

ನಾಲ್ಕು ಗಂಟೆಗೆ ಮತ್ತೆ ಬಂತು. ಈ ಸಲ ಎದುರು ಗೋಡೆಯಿಂದ ಬಂದ ಹಾಗಿತ್ತು. ಐದಕ್ಕೆ ಅಡುಗೆಮನೆಯ ಬಾಗಿಲಿನ ಪಕ್ಕ ಕೇಳಿಸಿತು. ದನಿ ಒಂದು ಕಡೆ ನಿಲ್ಲುತ್ತಿರಲಿಲ್ಲ, ಗೋಡೆಯೊಳಗೆ ಅವಳು ನಡೆಯುತ್ತಿದ್ದಳು! ಹೆಂಡತಿಗೆ ಹೇಳೋಣವೆಂದರೆ ಗೋಡೆ ಯಾಕೆ ತಟ್ಟುತ್ತಿದ್ದಿರಿ ಎಂದು ಕೇಳುತ್ತಾಳೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿತುತ್ತು!

ಬುಧವಾರ ಹೆಂಡತಿಯೇ ಬಟ್ಟೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು. ಮುಖ ಬಿಳಿಚಿತ್ತು.

"ರೀ, ನಿಮಗೇನಾದ್ರೂ ಕೇಳಿಸ್ತಾ?"

"ಇ… ಇಲ್ವಲ್ಲ."

"ನನಗೂ ಇಲ್ಲ," ಎಂದು ಅವಳು ಬೆವರೊರೆಸಿಕೊಂಡಳು. ಆಮೇಲೆ ಮಾತು ಮರೆಸಲೆಂದು, "ಗಂಟೆ ಎಷ್ಟಾಯ್ತೋ," ಎಂದಳು.

"ಹನ್ನೆರಡು," ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ.

ಇಬ್ಬರೂ ಗಡಿಯಾರ ನೋಡಿದರು. ಸರಿಯಾಗಿ ಹನ್ನೆರಡು.

"ಅತ್ತೆ, ನಿಮಗೆ ಹೇಗೆ ಗೊತ್ತಾಯ್ತು?"

"ಈಗ ತಾನೆ ಹೇಳಿದ್ಲಲ್ಲ."

"ಯಾರು?"

"ಅವಳೇ, ಗೋಡೆಯೊಳಗಿನವಳು. ಯಾಕೋ ಪಾಪ, ದಿನದಿಂದ ದಿನಕ್ಕೆ ಸೊರಗ್ತಾ ಇದಾಳೆ."

ಗಂಡಹೆಂಡಿರು ಒಬ್ಬರ ಕೈ ಒಬ್ಬರು ಹಿಡಿದುಕೊಂಡದ್ದು ಅವರಿಗೇ ತಿಳಿಯಲಿಲ್ಲ. ಹದಿನೆಂಟು ವರ್ಷದಲ್ಲಿ ಇಂಥ ದಾಂಪತ್ಯ ಸಾಮರಸ್ಯ ಆ ಮನೆ ಕಂಡಿರಲಿಲ್ಲ! ಅಂದು ಮೂವರ ಊಟವೂ ಹೊರಗಿನ ಜಗಲಿಯಲ್ಲೇ ಆಯಿತು.

ಗುರುವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಒಳ್ಳೆಯ ಬಟ್ಟೆ ಉಟ್ಟು ಬಂದು ಕೈ ಚಾಚಿದಳು. "ಪತ್ರ ಕೊಡಿ."

ಮೇಸ್ತ್ರಿ ಬಾಯಿಬಿಟ್ಟು ಎಲ್ಲ ಹೇಳಿದ. ಅವಳು ಬೈಯಲಿಲ್ಲ. ಸುತ್ತಿಗೆ ತಂದು ಅವನ ಕೈಗಿಟ್ಟಳು. ಬೈದಿದ್ದರೇ ವಾಸಿಯಿತ್ತು.

ಒಂದು ಕಡೆ ಒಡೆದ, ಇಟ್ಟಿಗೆ. ಇನ್ನೊಂದು ಕಡೆ ಒಡೆದ, ಇಟ್ಟಿಗೆ. ಒಂಬತ್ತಕ್ಕೆ ಗೋಡೆ "ಊಂ…" ಎಂದಾಗ ಕೈಯಲ್ಲಿದ್ದ ಉಳಿ ಜಾರಿ ಕಾಲಿನ ಮೇಲೆ ಬಿತ್ತು. ಕುಂಟುತ್ತಲೇ ಐದು ತೂತು ಕೊರೆದ. ಗೋಡೆ ಜರಡಿಯಾಯಿತು, ಡಬ್ಬಿ ಸಿಗಲಿಲ್ಲ. ಹತ್ತು ಗಂಟೆಯಾಗುತ್ತ ಬಂತು. ಹೆಂಡತಿ ಮುಖ ಆಚೆ ತಿರುಗಿಸಿ ನಿಂತಿದ್ದಳು. ಅವಳ ಭುಜ ಅಲುಗುತ್ತಿರುವುದನ್ನು ನೋಡಿ ಮೇಸ್ತ್ರಿಗೆ ನಿಜಕ್ಕೂ ಅಳು ಬಂತು.

"ಏನೋ ಹುಡುಕ್ತಿರೋದು?" ಎಂದಳು ಅಮ್ಮ.

"ಆವತ್ತು ಇಟ್ಟೆನಲ್ಲಮ್ಮ, ಆ ಡಬ್ಬಿ!"

"ಅಷ್ಟೇನಾ? ಮೊದಲೇ ಕೇಳಬಾರದಿತ್ತೇನೋ!" ಅಮ್ಮ ಎದ್ದು ಗೋಡೆಯುದ್ದಕ್ಕೂ ಅಂಗೈ ಆಡಿಸುತ್ತ ನಡೆದಳು. ಹೊಲಿಗೆ ಯಂತ್ರದ ಹಿಂದೆ ನಿಂತಳು. "ಇಲ್ಲಿ."

ಎರಡೇ ಏಟು. ತಗಡು ಮಿಂಚಿತು. ಮುಚ್ಚಳ ತೆಗೆದ ಕೂಡಲೇ ಒಳಗಿನಿಂದ ಅವಳು ನರಳಿದಳು: "ಈ…ಗ ಸಮ…ಯ ಹ…ತ್ತು ಗಂ…ಟೆ…"

ಮೇಸ್ತ್ರಿ ಕಿಟಾರನೆ ಕಿರುಚಿ ಹೆಂಡತಿಯ ಹಿಂದೆ ಅವಿತ. ಪತ್ರದ ಮೇಲೆ ಹಾಯಾಗಿ ಕುಳಿತಿತ್ತು, ಮೇಸ್ತ್ರಿಯ ಮಗಳು ಅಜ್ಜಿಗೆಂದು ಕೊಡಿಸಿದ್ದ, ಗಂಟೆಗೊಮ್ಮೆ ಸಮಯ ಹೇಳುವ ಮಾತಾಡುವ ಪುಟ್ಟ ಗಡಿಯಾರ. ಬ್ಯಾಟರಿ ಮುಗಿಯುತ್ತ ಬಂದು ದನಿ ಎಳೆದಾಡುತ್ತಿತ್ತು.

"ಕಳೀಬಾರದ್ದು ಇಡ್ತೀನಿ ಅಂದ್ಯಲ್ಲ," ಎಂದಳು ಅಮ್ಮ. "ನೀನು ಗಾರೆ ಕಲಸೋಕೆ ಹೋದಾಗ ನನ್ನದೂ ಇಟ್ಟೆ."

ಹೆಂಡತಿ ಪತ್ರವನ್ನು ಎದೆಗೊತ್ತಿಕೊಂಡು ನಕ್ಕಳು, ಅತ್ತಳು, ಚಪ್ಪಲಿ ಹುಡುಕತೊಡಗಿದಳು. ಮೇಸ್ತ್ರಿಗೆ ಹೋದ ಜೀವ ಬಂತು. ಜೀವದ ಹಿಂದೆಯೇ ಜಂಬವೂ ಬಂತು.

"ಏನೇ ಹೇಳು ಅಮ್ಮ, ಕೈಗೆಲಸ ಅಂದ್ರೆ ಇದು! ಮುಚ್ಚಿದವನಿಗೇ ಸಿಗಲಿಲ್ಲ! ಆದರೆ ಕಣ್ಣು ಕಾಣದ ನಿನಗೆ ಹೇಗೆ ಸಿಕ್ತು?"

"ಸಿಗದೆ ಏನು? ಹಣೆ ಮೇಲೆ ಬುಗುಟು ಎದ್ದ ಹಾಗೆ ಉಬ್ಬಿದೆ," ಎಂದಳು ಅಮ್ಮ ಗಡಿಯಾರ ಒರೆಸುತ್ತ. "ಮೂವತ್ತು ವರ್ಷದಿಂದ ಎಲ್ಲರ ಮನೇಲೂ ಹೀಗೇ ಬಳೀತಾ ಇದೀಯ. ನೀನು ನೊಂದ್ಕೋತೀಯ ಅಂತ ಯಾರೂ ಹೇಳಿಲ್ಲ, ಅಷ್ಟೆ."