ಮೇಘಬಾಹು ಅವರು ಬದುಕಿದ್ದರೆ ಒಂದು ಕಾರ್ಡು ಹಾಕಬೇಕಾಗಿ ವಿನಂತಿ

ಮಂಜೂರು, ನೀಲಗಿರಿ ಜಿಲ್ಲೆ
ಫೆಬ್ರವರಿ 1999

ಗಗನಸಂಚಾರಿಗಳೂ ದುಷ್ಟಸಂಹಾರಕರೂ ಭಾನುವಾರ ಬೆಳಗಿನ ಏಕೈಕ ರಕ್ಷಕರೂ ಆದ ಶ್ರೀ ಮೇಘಬಾಹು ಅವರ ಸನ್ನಿಧಿಗೆ,

ಮಾನ್ಯರೇ,

ಮಂಜೂರು ಬಸ್ ಸ್ಟ್ಯಾಂಡಿನ ಎದುರು ದಿನಸಿ ಅಂಗಡಿ ಇಟ್ಟುಕೊಂಡು ಅದರ ಮೂಲೆಯಲ್ಲೇ ಟೀ ಕಾಯಿಸಿ ಕೊಡುವ ರಾಚಯ್ಯನೆಂಬ ನಾನು, ತಮ್ಮ ಪಾದಗಳಿಗೆ, ಅವು ಸದ್ಯ ನೆಲದ ಮೇಲಿದ್ದರೆ, ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ: ಇದನ್ನು ನೇರವಾಗಿ ತಮಗೇ ಕಳಿಸುವ ಮರ್ಯಾದೆ ನನಗೆ ತಿಳಿಯದ್ದಲ್ಲ. ಆದರೆ ತಮ್ಮ ವಾಸ ಜಲಪಾತದ ಹಿಂದಿನ ಗುಹೆಯಲ್ಲೆಂದೂ, ಅದರ ಬಾಗಿಲು ತಮ್ಮ ಉಂಗುರಕ್ಕೆ ಮಾತ್ರ ತೆರೆಯುವುದೆಂದೂ ತಮ್ಮ ಟಿವಿ ಧಾರಾವಾಹಿಯಲ್ಲೇ ತೋರಿಸಿದ್ದರಿಂದ, ನಮ್ಮ ಪೋಸ್ಟ್‌ಮ್ಯಾನ್ ಮಾದನ್, "ಉಂಗುರ ಇಲ್ಲದೆ ನಾನು ಯಾವ ಸಂದಿಗೆ ಹಾಕ್ಲಿ ಅಣ್ಣಾ?" ಎಂದು ಕವರನ್ನು ನನ್ನ ಕೈಗೇ ವಾಪಸು ಕೊಟ್ಟ. ಗುಟ್ಟಾಗಿ ಬದುಕುವವರಿಗೆ ಬಹಿರಂಗ ಪತ್ರವನ್ನೇ ಬರೆಯಬೇಕಾಗಿ ಬರುತ್ತದೆ.

ನಾನು ಗುಂಡ್ಲುಪೇಟೆ ಕಡೆಯವನು. ಒಂದು ಮೂಟೆ ಈರುಳ್ಳಿಯೊಂದಿಗೆ ಈ ಬೆಟ್ಟ ಹತ್ತಿ, ತಕ್ಕಡಿ ಹಿಡಿದು ಬದುಕು ಕಟ್ಟಿಕೊಂಡವನಾದ್ದರಿಂದ, ಏನನ್ನು ಕಂಡರೂ ತೂಗಿ ನೋಡುವ ಚಾಳಿ ಹತ್ತಿದೆ. ತಮ್ಮನ್ನೂ ತೂಗಿದ್ದೇನೆ. ಬೀಳುವ ವಿಮಾನವನ್ನು ಬೆನ್ನ ಮೇಲೆ ಹೊತ್ತಿರಿ, ಒಪ್ಪಿದೆ. ಇಳಿಸುವಾಗ ಮಾರುಕಟ್ಟೆಯೊಂದನ್ನು ಪೂರ್ತಿ ಚಪ್ಪಟೆ ಮಾಡಿದಿರಿ, ಅದನ್ನೂ ನೋಡಿದೆ. ಒಬ್ಬ ಕಳ್ಳನನ್ನು ಹಿಡಿಯಲು ಹೋಗಿ ಬ್ಯಾಂಕಿನ ಗೋಡೆಯನ್ನೇ ಒಡೆದು ಒಳನುಗ್ಗಿದಿರಿ, ಪಕ್ಕದಲ್ಲೇ ಬಾಗಿಲು ತೆರೆದಿತ್ತು. ಆದರೂ ನಾನು ತಮ್ಮ ಅಭಿಮಾನಿಯೇ. ಅಂಗಡಿಯ ಟಿವಿಯಲ್ಲಿ ತಾವು ಹಾರುವಾಗ ಗಿರಾಕಿಯ ಸಕ್ಕರೆ ತೂಗುತ್ತಿದ್ದ ನನ್ನ ಕೈ ತಾನಾಗಿ ಮೇಲಕ್ಕೇಳುತ್ತಿತ್ತು. ಅಷ್ಟು ಹೊತ್ತು ಗಿರಾಕಿಗಳಿಗೆ ತೂಕದಲ್ಲಿ ಲಾಭವೇ ಆಗಿರಬೇಕು.

ತಾವೆಲ್ಲ ಮಾತಾಡುವುದು ಹಿಂದಿಯಲ್ಲಿ, ನಮ್ಮಲ್ಲಿ ಅದು ಯಾರಿಗೂ ಬಾರದು. ಆದರೆ ಏಟಿಗೆ ಭಾಷೆ ಬೇಕಿಲ್ಲ. ನಮಗೆ ಇದ್ದ ತೊಂದರೆ ಬೇರೆ. ಮಂಜೂರಿನ ಮಂಜು ಇಳಿಯಿತೆಂದರೆ ನನ್ನ ಕಪ್ಪುಬಿಳುಪು ಪೆಟ್ಟಿಗೆಯೊಳಗೂ ಇಳಿಯುತ್ತಿತ್ತು; ತಾವು ಯಾರು, ತಮ್ಮ ವೈರಿ ಶೀತಾಸುರ ಯಾರು, ಯಾರು ಯಾರಿಗೆ ಹೊಡೆದರು ಎಂಬುದನ್ನು ಗಿರಾಕಿಗಳು ಊಹೆಯ ಮೇಲೆ ಜಗಳವಾಡಿ ತೀರ್ಮಾನಿಸಬೇಕಿತ್ತು.

ಆಗ ಬಂದವರು ರಂಗಿ ಹೆತ್ತೆ. ಈ ಬೆಟ್ಟದ ಹಟ್ಟಿಗಳಲ್ಲಿರುವ ಬಡಗರು ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ಮೇಲಿನ ಹಟ್ಟಿಯ ಈ ಅಜ್ಜಿಯನ್ನು ಮಂಜೂರಿಗೆ ಮಂಜೂರೇ ಹಾಗೆ ಕರೆಯುತ್ತದೆ. ಒಂದು ಭಾನುವಾರ ಬಸ್ಸು ತಪ್ಪಿ, ಬಡಗರ ರೂಢಿಯಂತೆ ಮೈತುಂಬ ಬಿಳಿ ಬಟ್ಟೆ ಹೊದ್ದು ನನ್ನ ಬೆಂಚಿನ ಮೇಲೆ ಕೂತಿದ್ದರು. ತಾವು ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಯುದ್ಧಕ್ಕೆ ಹೊರಟದ್ದು ಕಂಡಿತು. ಅವರ ಬಡಗ ಮಾತನ್ನು ನನ್ನ ಕನ್ನಡಕ್ಕೆ ತಿರುಗಿಸಿದರೆ ಹೀಗೆ: "ಇವನು ನಮ್ಮ ಹಟ್ಟಿಗಳವನೇ. ಬಿಳಿ ಬಟ್ಟೆ ನೋಡು. ಹೊದೆಯೋದು ಯಾರೂ ಕಲಿಸಿಲ್ಲ, ಪಾಪ, ತಾಯಿ ಇಲ್ಲದ ಮಗ ಇರಬೇಕು. ದೊಡ್ಡವರಿಗೆ ತಲೆ ಬಾಗಿಸದೆ ಹೊರಟುಬಿಟ್ಟನಲ್ಲ!"

ಇವರಲ್ಲಿ ಕಿರಿಯರು ಎಲ್ಲಿಗೆ ಹೊರಟರೂ ಹಿರಿಯರ ಮುಂದೆ ತಲೆ ಬಾಗಿಸುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ತಾವು ಬಾಗಿಸಲಿಲ್ಲವಾದ್ದರಿಂದ ಹೆತ್ತೆಯೇ ಎದ್ದು ಹೋಗಿ ಟಿವಿಯ ನೆತ್ತಿಯ ಮೇಲೆ ಬಲಗೈ ಇಟ್ಟು ಹರಸಿದರು. ಇಟ್ಟದ್ದೇ ತಡ, ಪೆಟ್ಟಿಗೆಯೊಳಗಿನ ಮಂಜೆಲ್ಲ ಹರಿದು ತಮ್ಮ ಮೀಸೆಯ ಒಂದೊಂದು ಕೂದಲೂ ಕಂಡಿತು, ಮತ್ತು ತಾವು ಗೆದ್ದಿರಿ. ಕೈ ತೆಗೆದರೆ ಮತ್ತೆ ಮಂಜು. ನಾನು ಕೈಯಿಟ್ಟೆ, ತಾವು ಇಬ್ಬರಾಗಿ ಕಂಡಿರಿ, ಇಬ್ಬರೂ ಸೋಲುತ್ತಿದ್ದಿರಿ. ನನ್ನ ಹೆಂಡತಿ ಸಿದ್ದಾಜಮ್ಮ ಒಳಗಿನಿಂದ, "ತಕ್ಕಡಿ ಹಿಡ್ದ ಕೈ ಕನ್ರೀ ಅದು, ಟಿವಿನೂ ನಂಬಕಿಲ್ಲ!" ಎಂದಳು.

ಅಂದಿನಿಂದ ಪ್ರತಿ ಭಾನುವಾರ ಹೆತ್ತೆಯ ಕೈ, ತಮ್ಮ ಗೆಲುವು. ತಾವು ಇಷ್ಟು ದಿನ ಸ್ವಂತ ತೋಳಬಲದಿಂದ ಗೆಲ್ಲುತ್ತಿದ್ದೆನೆಂದು ತಿಳಿದಿದ್ದರೆ, ದಯವಿಟ್ಟು ತಿದ್ದಿಕೊಳ್ಳಬೇಕು. ಪತ್ರಿಕೆಯ ಬಣ್ಣದ ಪುಟದಲ್ಲಿ ತಮ್ಮ ಬೆನ್ನ ಬಟ್ಟೆ ಬಿಳಿಯಲ್ಲ, ನಿಂಬೆಹಣ್ಣಿನ ಹಳದಿ ಎಂದು ನಾನು ಕಂಡ ದಿನ, ಯಾರ ಕಣ್ಣಿಗೂ ಬೀಳುವ ಮೊದಲೇ ಆ ಪುಟದಲ್ಲಿ ಬಿಸಿಬಿಸಿ ವಡೆ ಕಟ್ಟಿಕೊಟ್ಟು ತಮ್ಮ ಮಾನ ಉಳಿಸಿದ್ದೇನೆ. ಇದಕ್ಕೆ ತಾವು ಕೃತಜ್ಞತೆ ಹೇಳಬೇಕೆಂಬ ಆಸೆಯೇನೂ ಇಲ್ಲ.

ಈಗ ದೂರಿಗೆ ಬರುತ್ತೇನೆ. ಕಡೆಯ ಕಂತಿನ ಹಿಂದಿನ ವಾರ ಶೀತಾಸುರ ತಮ್ಮನ್ನು ಹಿಮದ ಕೊರಕಲಿನ ಅಂಚಿಗೆ ನೇತುಹಾಕಿದ. ಚಳಿಗೆ ತಮ್ಮ ಶಕ್ತಿ ಉಡುಗುತ್ತದಂತೆ. ಮಾನ್ಯರೇ, ನಮ್ಮ ಕೆತ್ತಿ ಕಣಿವೆಯಲ್ಲಿ ಜನವರಿಯ ಹಿಮ ಬಿದ್ದು ಆಲೂಗೆಡ್ಡೆ ಗಿಡವೇ ಕಪ್ಪಗಾಗುವ ಬೆಳಗಿನಲ್ಲಿ ಹೆಂಗಸರು ಹೊಲಕ್ಕೆ ಇಳಿದಿರುತ್ತಾರೆ; ಲೋಕರಕ್ಷಕರಾದ ತಾವು ಆ ಬಿಗಿ ಉಡುಪಿನ ಒಳಗೆ ಒಂದು ಉಲ್ಲನ್ ಬನಿಯನ್ ಹಾಕಿಕೊಂಡು ಬಂದಿದ್ದರೆ ಯಾರಾದರೂ ಬೇಡ ಎನ್ನುತ್ತಿದ್ದರೇ? ಹೋಗಲಿ, ನೇತುಹಾಕಿಸಿಕೊಂಡವರು ಮುಂದಿನ ಭಾನುವಾರವೇ ಬಿಡಿಸಿಕೊಳ್ಳಬೇಕೆಂಬ ಹಟವೇಕೆ? ಅಂದು ಹೆತ್ತೆಯ ಮೊಮ್ಮಗಳು ತೇನ್ಮೊಳಿಯ ಮದುವೆ. ತಾವು ಬಿಡಿಸಿಕೊಳ್ಳುವ ಹೊತ್ತೂ, ಹುಡುಗಿ ಹೆತ್ತೆಯಿಂದ ಹರಸಿಸಿಕೊಂಡು ಗಂಡಿನ ಹಟ್ಟಿಗೆ ಹೊರಡುವ ಹೊತ್ತೂ ಒಂದೇ.

ಹಟ್ಟಿಗೆ ನೆಮ್ಮದಿಯಿಲ್ಲ. "ಅಲ್ಲಿ ಒಂದು ಜೀವ ನೇತಾಡ್ತಿದೆ, ಇಲ್ಲಿ ನಾನು ಅನ್ನ ಉಣ್ಣಲಾ?" ಎಂದು ಹೆತ್ತೆ. "ಅವ್ವಾ, ನನ್ನ ಮಗಳು ಮೊದಲೋ ಆ ಹಾರಾಡೋನು ಮೊದಲೋ?" ಎಂದು ಅವರ ಮಗ ಹಾಲನ್. ಕೊನೆಗೆ ಹಾಲನ್ನೇ, ಟೀ ಸೊಪ್ಪು ಸಾಗಿಸುವ ಜೀಪಿನಲ್ಲಿ ನನ್ನ ಟಿವಿಯನ್ನು ಕಂಬಳಿ ಸುತ್ತಿ ಹಟ್ಟಿಗೆ ಒಯ್ದು, ಹೊಸಿಲ ಒಳಗೆ ಸ್ಟೂಲಿನ ಮೇಲೆ ಕೂರಿಸಿದ. ಎಡಗೈ ಟಿವಿಗೆ, ಬಲಗೈ ಹುಡುಗಿಗೆ ಎಂದು ನಾನು ಸಲಹೆ ಕೊಟ್ಟೆ. ಎಡಗೈಗೆ ಮಂಜು ಹರಿಯಲಿಲ್ಲ. ಅದಲು ಬದಲು ಮಾಡೋಣವೆಂದರೆ, ಮದುಮಗಳಿಗೆ ಎಡಗೈಯೇ ಎಂದು ಹಿರಿಯರೆಲ್ಲ ಒಟ್ಟಿಗೆ ಕೆಮ್ಮಿದರು. ಕಡೆಗೆ ತೇನ್ಮೊಳಿಯೇ ಮಂಡಿಯೂರಿ ಟಿವಿಗೆ ಕೆನ್ನೆ ತಾಗಿಸಿ ತಲೆ ಬಾಗಿಸಿದಳು: ಹೆತ್ತೆಯ ಬಲಗೈಯ ಬೆರಳುಗಳು ಪೆಟ್ಟಿಗೆಯ ಮೇಲೆ, ಅಂಗೈ ಹುಡುಗಿಯ ನೆತ್ತಿಯ ಮೇಲೆ. ಚಿತ್ರ ಬಂತು. ತಾವು ನೇತಾಡುತ್ತಿದ್ದಿರಿ. ಗಂಡಿನ ಕಡೆಯವರೂ ಹೊರಡುವುದನ್ನು ಮರೆತು ಒಳಗೆ ನುಗ್ಗಿದರು.

ಆದರೆ ತಾವು ಬೇಗ ಬಿಡಿಸಿಕೊಳ್ಳಬೇಡವೇ? ಅಂಚು ಹಿಡಿದ ತಮ್ಮ ಬೆರಳೊಂದು ಜಾರಿತು, ಹಳೆಯದೆಲ್ಲ ತಮ್ಮ ನೆನಪಿಗೆ ಬಂತು; ಇನ್ನೊಂದು ಬೆರಳು ಜಾರಿತು, ಬಾಲ್ಯದ ದೃಶ್ಯ; ನಡುವೆ ಸಾಬೂನು, ಹಲ್ಲುಪುಡಿಯ ಜಾಹೀರಾತು. ತೇನ್ಮೊಳಿ ಮೆಲ್ಲಗೆ, "ಹೆತ್ತೇ, ಕತ್ತು ನೋಯ್ತಿದೆ," ಎಂದಳು. ಹೆತ್ತೆ ಒಮ್ಮೆ ತಮ್ಮನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು, ಮತ್ತು ಬೆರಳುಗಳನ್ನೂ ಪೆಟ್ಟಿಗೆಯಿಂದ ತೆಗೆದು ಪೂರ್ತಿ ಕೈಯನ್ನು ಮೊಮ್ಮಗಳ ತಲೆಗೇ ಕೊಟ್ಟರು. ಅದೇ ಕ್ಷಣಕ್ಕೆ ಕೆಳಗಿನ ತಿರುವಿನಲ್ಲಿ ಸಿಲ್ವರ್ ಓಕ್ ಮರದ ಕೊಂಬೆ ತಂತಿಯ ಮೇಲೆ ಮುರಿದುಬಿದ್ದು ಕರೆಂಟು ಹೋಯಿತು. ತಾವು ಒಂದು ಚುಕ್ಕಿಯಾದಿರಿ. ಆ ಚುಕ್ಕಿಯೂ ಆರಿತು.

ಹುಡುಗಿ ಸುಖವಾಗಿ ಗಂಡನ ಮನೆ ಸೇರಿದಳು. ತಮ್ಮ ಸಂಗತಿಯೇ ತಿಳಿಯದು. ಊಟಿಯಲ್ಲಿ ಕಡೆಯ ಕಂತು ನೋಡಿದೆನೆಂದ ಬಸ್ ಕಂಡಕ್ಟರ್ ಕೃಷ್ಣನ್, "ಗೆದ್ದ ಹೆತ್ತೇ, ಸತ್ಯವಾಗಿ ಗೆದ್ದ!" ಎಂದು ಬಸ್ಸಿನ ಮೆಟ್ಟಿಲಿಂದಲೇ ಕೂಗಿದ. ಹೆತ್ತೆ, "ಸಾವಿನ ಸುದ್ದಿ ತರೋನು ಮೊದಲು ಹಾಗೇ ಹೇಳೋದು. ನೀನು ಟಿಕೆಟ್ ಕೊಡು, ಹೋಗು," ಎಂದರು. ಮರುವಾರ ಅವರೇ ಅಂಗಡಿಗೆ ಬಂದು ಟಿವಿಯ ಮೇಲೆ ಕೈಯಿಟ್ಟರು. ಚಿತ್ರವೇನೋ ಸ್ವಚ್ಛವಾಗಿ ಬಂತು. ಆದರೆ ತಮ್ಮ ಹೊತ್ತಿಗೆ ಮೀನು ಸಾಕಣೆಯ ಕಾರ್ಯಕ್ರಮ ಹಾಕಿದ್ದರು. ನೀರಿನೊಳಗೆಲ್ಲಾದರೂ ತಾವಿದ್ದೀರೇನೋ ಎಂದು ಕಾರ್ಯಕ್ರಮ ಮುಗಿಯುವವರೆಗೂ ನಿಂತು ಮೀನು ನೋಡಿದರು. ಆಮೇಲೆ ಕೈಯನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಂಡರು.

ಮಾನ್ಯರೇ, ಆ ಕೈ ಇನ್ನೂ ಹೊರಗೆ ಬಂದಿಲ್ಲ. "ಒಬ್ಬ ಮಗನನ್ನು ಬಿಟ್ಟ ಕೈ ಇದು, ಯಾರ ತಲೆ ಮೇಲೂ ಬೇಡ," ಎನ್ನುತ್ತಾರೆ. ತೇನ್ಮೊಳಿ ಈಗ ಬಸುರಿ. ಹೋದ ವಾರ ತವರಿಗೆ ಬಂದು ತಲೆ ಬಾಗಿಸಿ ನಿಂತಳು. ಹೆತ್ತೆ ಮುಖ ತಿರುಗಿಸಿದರು. ಹುಡುಗಿ ಬಾಗಿಸಿದ ತಲೆಯನ್ನು ಎತ್ತದೆ ಸುಮಾರು ಹೊತ್ತು ಹಾಗೇ ನಿಂತಿದ್ದಳು. ಹಾಲನ್ ಇದನ್ನು ನನ್ನ ಅಂಗಡಿಯಲ್ಲಿ ಹೇಳುವಾಗ ಟೀ ಆರಿಹೋಯಿತು. ಸಿದ್ದಾಜಮ್ಮ ಕೇಳದೆಯೇ ಇನ್ನೊಂದು ಟೀ ಕೊಟ್ಟಳು, ಇದು ನಮ್ಮ ಅಂಗಡಿಯಲ್ಲಿ ತಮ್ಮ ಹಾರಾಟಕ್ಕಿಂತ ಅಪರೂಪದ ಘಟನೆ.

ಆದ್ದರಿಂದ ವಿನಂತಿ. ಹೆರಿಗೆಗೆ ಮೊದಲು ತಾವು ಮಂಜೂರಿಗೆ ಹಾರಿಬಂದು, ಬಸ್ ಸ್ಟ್ಯಾಂಡಿನಲ್ಲಿ ನಿಧಾನವಾಗಿ, ಏನನ್ನೂ ಚಪ್ಪಟೆ ಮಾಡದೆ ಇಳಿದು, ಹೆತ್ತೆಯ ಮುಂದೆ ತಲೆ ಬಾಗಿಸಬೇಕು. ಬಟ್ಟೆ ಬಿಳಿಯದೇ ಇರಲಿ. ಹೊದೆಯುವ ರೀತಿ ಹಾಲನ್ ತೋರಿಸುತ್ತಾನೆ. ದಾರಿಯಲ್ಲಿ ಆ ಸಿಲ್ವರ್ ಓಕನ್ನೂ ಕಿತ್ತು ಬೇರೆ ಕಡೆ ನೆಟ್ಟರೆ ಉಪಕಾರ. ಲೋಕರಕ್ಷಣೆಯ ಒತ್ತಡದಲ್ಲಿ ಬಿಡುವಿಲ್ಲವಾದರೆ ಒಂದು ಕಾರ್ಡು ಸಾಕು: "ಬದುಕಿದ್ದೇನೆ. ಅದು ನಿಮ್ಮ ಕೈಯ ತಪ್ಪಲ್ಲ."

ತಾವು ನೇತಾಡುತ್ತಿದ್ದಾಗಲೂ ನಂಬಿಕೆ ಬಿಡದ, ಇಂದಿಗೂ
ತಮ್ಮ ವಿಶ್ವಾಸಿ,
ರಾಚಯ್ಯ

ತಾ.ಕ.: ಶಿವರಾತ್ರಿಯೊಳಗೆ ಉತ್ತರ ಬಾರದಿದ್ದರೆ ತಮ್ಮ ಪರವಾಗಿ ನಾನೇ ಕಾರ್ಡು ಬರೆದು ಹೆತ್ತೆಗೆ ಓದಿ ಹೇಳುತ್ತೇನೆ. ಅದರಲ್ಲಿ ತಾವು ಹಾರುವುದನ್ನು ಬಿಟ್ಟಿದ್ದೀರಿ, ಕೆತ್ತಿಯಲ್ಲಿ ಮದುವೆಯಾಗಿ ಕ್ಯಾರೆಟ್ ಬೆಳೆಯುತ್ತಿದ್ದೀರಿ, ಕೊನೆಗೂ ಸ್ವೆಟರ್ ಹಾಕಿಕೊಂಡಿದ್ದೀರಿ ಎಂದಿರುತ್ತದೆ. ನನಗಿರುವ ಭಯ ಒಂದೇ: ಕೇಳಿದ ಕೂಡಲೇ ಹೆತ್ತೆ ಕೈಯನ್ನು ಹೊರಗೆ ತೆಗೆದು, ತಮ್ಮ ತಲೆಯ ಮೇಲಿಡಲು ಮೊದಲ ಬಸ್ಸಿಗೇ ಕೆತ್ತಿಗೆ ಹೊರಟುಬಿಡುತ್ತಾರೆ. ಆಮೇಲೆ ತಾವು ಸತ್ತಿದ್ದರೂ ಅಲ್ಲಿ ಹೋಗಿ ಕ್ಯಾರೆಟ್ ಕೀಳುತ್ತಾ ನಿಂತಿರಬೇಕಾಗುತ್ತದೆ. ಯೋಚಿಸಿ ನೋಡಿ, ಬದುಕಿರುವುದೇ ತಮಗೆ ಸುಲಭ.